ಐವರು ಅಡ್ಮಿನ್‌ಗಳಲ್ಲಿ ಒಬ್ಬರು

ಬೆಳಗಿನ ಐದೂವರೆ. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿ ಹಾಗೇ ಬಿದ್ದಿದೆ. ಟೈಲರಮ್ಮನ ಕಣ್ಣು ಮೊಬೈಲಿನಲ್ಲಿ ನೆಟ್ಟಿದೆ. ಏಳು ವರ್ಷದ ಮಗುವಿನ ತಾಯಿ ಎಂದು ಹೇಳಿಕೊಂಡು ಯಾರೋ ಗುಂಪಿಗೆ ಸೇರಲು ಕೇಳಿದ್ದಾರೆ. "ಖಾತೆ ತೆರೆದು ಎರಡೇ ದಿನ. ಮಗುಗೆ ಯಾವ ಇನ್ಸುಲಿನ್ ಅಂದ್ರೆ 'ಡಾಕ್ಟರ್ ಕೊಟ್ಟಿದ್ದು' ಅಂತಾರೆ. ಹೆತ್ತೋಳಿಗೆ ಅದರ ಹೆಸರು ನಿದ್ದೇಲೂ ಬಾಯಿಗೆ ಬರುತ್ತೆ," ಎನ್ನುತ್ತಾ ಕೋರಿಕೆಯನ್ನು ತಳ್ಳಿಹಾಕುತ್ತಾರೆ.

ಇದು ಸಕ್ಕರೆ ಕಾಯಿಲೆಯಿರುವ ಮಕ್ಕಳ ತಂದೆತಾಯಂದಿರ ಆನ್‌ಲೈನ್ ಗುಂಪು. ಸದಸ್ಯರು ಮೂವತ್ತೊಂದು ಸಾವಿರ. ಕಾಯುವವರು ಐವರೇ ಅಡ್ಮಿನ್‌ಗಳು, ಎಲ್ಲರೂ ಬಿಟ್ಟಿ ಚಾಕರಿಯವರು. ದಿನಕ್ಕೆ ನೂರೈವತ್ತು ಪೋಸ್ಟ್, ಅರವತ್ತು ಕೋರಿಕೆ. ಸಂಬಳವಿಲ್ಲದೆ ಯಾರಾದರೂ ಒಂಬತ್ತು ವರ್ಷ ಹೀಗೆ ದುಡಿಯುತ್ತಾರೆಯೇ ಎಂದು ನನಗೂ ಅನುಮಾನ. ಕೇಳಿದರೆ, ಐವರಲ್ಲೊಬ್ಬರಾದ ಟೈಲರಮ್ಮ ನಗುತ್ತಾರೆ. "ನೀವು ನಿಜವಾಗ್ಲೂ ಪತ್ರಿಕೆಯೋರಾ ಅಂತ ನಾನೂ ನಿಮ್ಮ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದೀನಿ."

ಮಗಳಿಗೆ ಆರನೇ ವಯಸ್ಸಿಗೆ ಕಾಯಿಲೆ ಬಂದಾಗ ಇವರಿಗೆ ಸೂಜಿ ಹಿಡಿಯಲೂ ಬರುತ್ತಿರಲಿಲ್ಲ. ವಿಡಿಯೋ ಕರೆಯಲ್ಲಿ ಕಲಿಸಿದವರು ಗುಂಪಿನ ಹಿರಿಯ ಅಡ್ಮಿನ್, ನಿವೃತ್ತ ನರ್ಸ್. ಎಲ್ಲರಿಗೂ ಆಕೆ 'ಸಿಸ್ಟರಕ್ಕ'.

ಕಳೆದ ವರ್ಷ ಹೊಸ ತಾಯಂದಿರಿಗೆ ಅಪರಿಚಿತ ಖಾತೆಗಳಿಂದ ಗುಟ್ಟಾಗಿ ಸಂದೇಶಗಳು ಬರತೊಡಗಿದವು: 'ಇನ್ಸುಲಿನ್ ನಿಲ್ಲಿಸಿ, ಈ ಪುಡಿ ಕೊಡಿ.' ನಂಬಿದ ಒಬ್ಬಾಕೆಯ ಮಗು ಮೂರು ದಿನ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದು, ಹೇಗೋ ಬದುಕಿತು. ಪ್ರತಿ ಸಂದೇಶದಲ್ಲೂ ಮಗುವಿನ ವಯಸ್ಸು ಕರಾರುವಾಕ್ಕಾಗಿತ್ತು. ಸೇರುವಾಗ ಬರೆಯುವ ಆ ವಿವರ ಕಾಣುವುದು ಆ ಹೊತ್ತಿನ ಸರದಿಯ ಅಡ್ಮಿನ್‌ಗೆ ಮಾತ್ರ. "ಕಳ್ಳತನ ಮನೆಯೊಳಗಿಂದಾನೇ ಅಂತ ಗೊತ್ತಾಯ್ತು. ಆದ್ರೆ ಯಾರ ಸರದೀಲಿ ಯಾರು ಸೇರಿದ್ರು ಅನ್ನೋ ಲೆಕ್ಕ ನಾವು ಇಟ್ಟಿರ್ಲಿಲ್ಲ."

ಮೊದಲ ಗುಮಾನಿ ಅಡ್ಮಿನ್‌ಗಳಲ್ಲಿ ಹೊಸಬನಾದ ಬಸ್ ಡ್ರೈವರ್ ಮೇಲೆ. ಆತನದು ಗಂಟುಮುಖ, ಮಾತೂ ಕಡಿಮೆ. ಟೈಲರಮ್ಮ ಸುಳ್ಳು ಖಾತೆಗಳಲ್ಲಿ ನಾಲ್ವರು ನಕಲಿ ತಾಯಂದಿರನ್ನು ಹುಟ್ಟಿಸಿ, ಉಳಿದ ನಾಲ್ವರು ಅಡ್ಮಿನ್‌ಗಳಲ್ಲಿ ಒಬ್ಬೊಬ್ಬರ ಸರದಿಗೆ ಒಬ್ಬೊಬ್ಬಳನ್ನು ಕಳಿಸಿದರು. ಮೂವರಿಗೆ ಏನೂ ಬರಲಿಲ್ಲ. ನಾಲ್ಕನೆಯವಳಿಗೆ ನಲವತ್ತೇ ನಿಮಿಷದಲ್ಲಿ ಬಂತು: 'ನಿಮ್ಮ ಹನ್ನೊಂದು ವರ್ಷದ ಮಗನಿಗೆ...' ಅದು ಸಿಸ್ಟರಕ್ಕನ ಸರದಿ.

"ಡ್ರೈವರೇ ಆಗಿರ್ಲಿ ದೇವ್ರೇ ಅಂತ ಮತ್ತೆ ಮತ್ತೆ ನೋಡ್ದೆ. ಕೊನೆಗೆ ಸಿಸ್ಟರಕ್ಕಂಗೆ ಫೋನ್ ಮಾಡ್ದೆ. 'ನಿನಗೆ ಸೂಜಿ ಹಿಡಿಯೋದು ಕಲಿಸಿದ್ದೇ ನಾನು ಕಣೇ' ಅಂದ್ರು. 'ಹೌದಕ್ಕಾ, ಅದಕ್ಕೇ ಮೊದ್ಲು ನಿಮಗೆ ಹೇಳ್ತಿದೀನಿ' ಅಂದೆ. ಪುಡಿ ಮಾರೋದು ಅವರ ತಮ್ಮನಂತೆ. 'ಬರೀ ವಿವರ ಕೊಟ್ಟೆ, ಅಷ್ಟೇ' ಅಂದ್ರು."

ಅದೇ ಸಂಜೆ ಅವರನ್ನು ತೆಗೆದು, ಸಾಕ್ಷಿಯನ್ನು ಗುಂಪಿನ ಮುಂದಿಟ್ಟರು. ಸಿಸ್ಟರಕ್ಕನ ಪರ ನಿಂತ ಒಂಬೈನೂರು ಜನ ಗುಂಪು ಬಿಟ್ಟು ಹೋದರು. 'ಹೊಟ್ಟೆಕಿಚ್ಚಿನವಳು' ಎಂಬ ಬೈಗುಳ ಇಂದಿಗೂ ಅಲ್ಲೇ ಇದೆ. "ನನ್ನ ಬೈದಿದ್ದನ್ನ ನಾನೇ ಅಳಿಸಿದ್ರೆ ಇನ್ನೊಂದು ಅನುಮಾನ ಹುಟ್ಟುತ್ತೆ."

ಸುಮ್ಮನೆ ಅನುಮಾನಿಸಿದ್ದಕ್ಕೆ ಟೈಲರಮ್ಮ ಡ್ರೈವರ್ ಬಳಿ ತಪ್ಪೊಪ್ಪಿಕೊಂಡಾಗ ಆತ ಕೇಳಿದ್ದು ಒಂದೇ ಮಾತು: "ಎಲ್ಲರನ್ನೂ ಪರೀಕ್ಷೆ ಮಾಡಿದ್ರಿ ಸರಿ. ನಿಮ್ಮನ್ನ ಮಾಡಿದೋರು ಯಾರಮ್ಮಾ?" ಅಂದಿನಿಂದ, ಸಿಸ್ಟರಕ್ಕನ ಜಾಗಕ್ಕೆ ಬಂದವರೂ ಸೇರಿ, ಎಲ್ಲ ಅಡ್ಮಿನ್‌ಗಳಿಗೂ, ಮುನ್ಸೂಚನೆಯಿಲ್ಲದೆ, ಆಗಾಗ ಪರೀಕ್ಷೆ.

"ಹೋದ ತಿಂಗಳು ನನ್ನ ಸರದೀಲಿ ಡ್ರೈವರಣ್ಣ ಒಬ್ಬಳು ಸುಳ್ಳು ತಾಯೀನ ಕಳ್ಸಿದ್ರಂತೆ," ಎನ್ನುವಾಗ ಟೈಲರಮ್ಮನ ಮುಖ ಅರಳುತ್ತದೆ. "ಬಾಗಿಲಲ್ಲೇ ತಡೆದೆ. ಪಾಪ, ಅವರಿಗೆ ಬೇಜಾರು. ಆ ತಾಯಿ ಕಥೇನ ಎರಡು ದಿನ ಕೂತು ಬರ್ದಿದ್ರಂತೆ."