ಗಂಗಮ್ಮ ಓದಿ ಹೇಳುತ್ತಿದ್ದ ಓಟಿಪಿ

ಟುಂಯ್… ಟುಂಯ್… ಫೋನಿನಲ್ಲಿ ಗಂಗಮ್ಮನ ದನಿಯ ಹಿಂದೆ ಆ ಸದ್ದು ಕೇಳುತ್ತಲೇ ಇರುತ್ತಿತ್ತು. "ಏನೇ ಅದು?" ಅಂದರೆ, "ಯುಪಿಎಸ್ಸು ಕಣೇ. ಕರೆಂಟ್ ಹೋಗೈತೆ. ನೀನು ನಂಬರ್ ಬರ್ಕೋ" ಅನ್ನುವಳು. ತುಮಕೂರಿನಲ್ಲಿ ಕರೆಂಟ್ ಹೋಗುವುದೇನು ಹೊಸದಲ್ಲ. ಇಂಗ್ಲೆಂಡಿನಲ್ಲಿ ಅಣ್ಣನ ಅಡುಗೆಮನೆಯಲ್ಲಿ ಕೂತು ನಾನು ಬರೆದುಕೊಳ್ಳುತ್ತಿದ್ದೆ.

ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು ನಾವು. ನಾನು ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಪ್ರೊಫೆಸರ್ ಆದೆ, ಅವಳು ಗುಬ್ಬಿಯ ಹೈಸ್ಕೂಲಿನಲ್ಲಿ ಮ್ಯಾಥ್ಸ್ ಟೀಚರ್. ರಿಟೈರ್ ಆದಮೇಲೆ ನನ್ನ ಮನೆಯ ಮಹಡಿಗೇ ಬಂದಳು. ಯಾವ ವಸ್ತು ಮುಟ್ಟುವ ಮೊದಲೂ ಬಲಗೈ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುವಳು. ಚಾಕ್‌ಪೀಸ್ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅದರ ಪುಡಿ ಬೆರಳಲ್ಲೇ ಇದೆ ಅನ್ನುವ ಹಾಗೆ.

ಅಣ್ಣನಿಗೆ ಆಪರೇಷನ್ ಅಂತ ನಾನು ಹೊರಟಾಗ ನನ್ನ ಕೊನೆಯ ಸ್ಟೂಡೆಂಟ್ ನಾಗರತ್ನಳ ಥೀಸಿಸ್ ಬಾಕಿ ಇತ್ತು. ಕುಣಿಗಲ್ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ವರ್ಷಗಟ್ಟಲೆ ಬರೆದದ್ದು. ತಿಂಗಳ ಕೊನೆಯೊಳಗೆ ನಾನು ತಿದ್ದಿ ಒಪ್ಪಿಗೆ ಕೊಡದಿದ್ದರೆ ಅವಳ ರಿಜಿಸ್ಟ್ರೇಷನ್ನೇ ರದ್ದು. ಆ ಫೈಲ್ ತೆರೆಯುವುದು ಯೂನಿವರ್ಸಿಟಿ ನೆಟ್‌ವರ್ಕಿನಲ್ಲಿ ಮಾತ್ರ. ಹೊರದೇಶದಿಂದ ಅದರೊಳಗೆ ಹೋಗಬೇಕಾದರೆ ವಿಪಿಎನ್ ಬೇಕು.

"ಅಂದ್ರೆ ನೀನು ಅಲ್ಲಿದ್ಕೊಂಡು ಇಲ್ಲೇ ಇದೀನಿ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳೋದು. ಅಷ್ಟೇ ತಾನೆ?" ಅಂದಳು ಗಂಗಮ್ಮ.

"ಸುಳ್ಳಲ್ವೇ, ಟೆಕ್ನಾಲಜಿ."

"ಆಯ್ತು ಬುಡು, ಇಂಗ್ಲಿಷಲ್ಲಿ ಹೇಳಿದ್ರೆ ಸುಳ್ಳಾಗಲ್ಲ."

ಪ್ರತಿ ಸಲ ಲಾಗಿನ್ ಆಗುವಾಗಲೂ ನನ್ನ ತುಮಕೂರಿನ ನಂಬರಿಗೆ ಓಟಿಪಿ ಬರಬೇಕು. ರೋಮಿಂಗ್ ಸಿಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ ಆ ಫೋನನ್ನೇ ಅವಳ ಕೈಲಿಟ್ಟು ಹೊರಟೆ. ಇಂಥ ಬುದ್ಧಿವಂತಿಕೆ ನಮ್ಮಿಬ್ಬರಿಗೇ ಹೊಳೆಯಬೇಕು. ದಿನಾ ಮಧ್ಯಾಹ್ನ, ನನಗದು ಬೆಳಗ್ಗೆ, ಅವಳ ಒಂದು ಕೈಯಲ್ಲಿ ನನ್ನ ಫೋನು, ಕಿವಿಗೆ ಅವಳದು.

"ಬಂತು ಕಣೇ. ಯಾರಿಗೂ ಹೇಳ್ಬೇಡಿ ಅಂತ ಬರ್ದವ್ರೆ. ಹೇಳ್ಲಾ?"

"ಹೇಳೇ ಮಾರಾಯ್ತಿ."

ನಾನು ಹಾಗೆ ಅನ್ನುವವರೆಗೆ ಒಂದು ಅಂಕಿಯೂ ಬಾಯಿಂದ ಬೀಳದು. ಆಮೇಲೆ ಹಾಜರಿ ಕೂಗುವ ಹಾಗೆ ಒಂದೊಂದೇ. "ಬರ್ಕೊಂಡ್ಯಾ? ವಾಪಸ್ ಒಪ್ಪಿಸು." ಒಪ್ಪಿಸುವಷ್ಟರಲ್ಲಿ ಟೈಮ್ ಮುಗಿದು ಓಟಿಪಿ ಎಕ್ಸ್‌ಪೈರ್. "ಇಷ್ಟು ಬೇಗ ಹಳಸೋಯ್ತಾ? ದೋಸೆ ಹಿಟ್ಟೇ ವಾಸಿ ಕಣೇ!" ಅನ್ನುವಳು. ಮತ್ತೆ ಹೊಸ ನಂಬರು, ಮತ್ತೆ "ಹೇಳ್ಲಾ?"

ಕೊನೆಕೊನೆಗೆ ದನಿ ಸಣ್ಣದಾಗಿತ್ತು. "ನೆಗಡಿ" ಅಂದಳು. ವಿಡಿಯೋ ಹಾಕೇ ಅಂದರೆ, "ತಲೆ ಬಾಚಿಲ್ಲ, ಹೋಗೇ" ಅಂದಳು. ಹಿಂದೆ ಆ ಟುಂಯ್ ಟುಂಯ್.

ಒಂದು ದಿನ ಅವಳ ಫೋನಿನಿಂದ ಬಂದ ದನಿ ಅವಳದಾಗಿರಲಿಲ್ಲ. ಹೆಬ್ಬೂರಿನಿಂದ ಬಂದು ಅವಳ ಜೊತೆಗಿದ್ದ ತಂಗಿಯ ಮಗಳು. "ಆಂಟಿ, ದೊಡ್ಡಮ್ಮ ಹೋಗ್ಬುಟ್ರು." ಎದೆನೋವು ಅಂತ ಆಸ್ಪತ್ರೆಗೆ ಸೇರಿಸಿ ಆಗಲೇ ಎರಡು ವಾರವಾಗಿತ್ತಂತೆ. ನಾನು ಕೇಳಿದ ಮೊದಲ ಮಾತು, "ಆ ಯುಪಿಎಸ್ಸು?"

"ಯುಪಿಎಸ್ ಎಲ್ಲಿ ಆಂಟಿ, ಎದೆಗೆ ಹಾಕಿದ್ ಮಿಷಿನ್ನು. ಅವ್ಳಿಗೆ ಹೇಳಿದ್ರೆ ಎಲ್ಲಾ ಬಿಟ್ಟು ಬಂದ್ಬಿಡ್ತಾಳೆ, ಆ ಹುಡುಗಿ ಓದು ಹಾಳಾಗುತ್ತೆ ಅಂತ ನನ್ ಕೈಲಿ ಆಣೆ ಹಾಕ್ಸಿದ್ರು."

ಮಾರನೆಯ ದಿನವೇ ನಾಗರತ್ನಳ ಥೀಸಿಸ್‌ಗೆ ಒಪ್ಪಿಗೆ ಕೊಡಲು ಕೊನೆಯ ದಿನ. ಲಾಗಿನ್ ಒತ್ತಿದೆ. ಗಂಗಮ್ಮನ ತಂಗಿಯ ಮಗಳು ನಂಬರನ್ನು ಒಂದೇ ಉಸಿರಿಗೆ ಓದಿಬಿಟ್ಟಳು. ಹೇಳ್ಲಾ ಅಂತ ಕೇಳಲಿಲ್ಲ. ಫೈಲ್ ತೆರೆಯಿತು. ಅಪ್ರೂವ್ ಒತ್ತಿದೆ. ಎದ್ದು ಅಣ್ಣನಿಗೆ ಟೀ ಮಾಡಿಕೊಟ್ಟೆ. ಸಕ್ಕರೆ ಇಲ್ಲವಲ್ಲ ಅಂದ. ಹಾಕಿದೆ. ಅಳು ಬರಲಿಲ್ಲ, ಈಗಲೂ ಬಂದಿಲ್ಲ.

ಕೊನೆಯ ಸಲ ಅವಳನ್ನು ನೋಡಿದ್ದು ನಮ್ಮ ಗೇಟಿನಲ್ಲಿ. ಏರ್‌ಪೋರ್ಟ್ ಟ್ಯಾಕ್ಸಿ ನಿಂತಿತ್ತು. ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಫೋನು ತಗೊಂಡಳು. "ಹೋಗ್ಬಾ. ಇಲ್ಲಿ ನಾನಿದೀನಿ" ಅಂದಳು. ಟ್ಯಾಕ್ಸಿ ತಿರುಗುವಾಗ ಕೈ ಬೀಸಿದೆ. ಅವಳು ನೋಡಲಿಲ್ಲ. ಆಗಲೇ ಏನಾದರೂ ಬಂದೀತೇನೋ ಅಂತ ತಲೆ ಬಗ್ಗಿಸಿ ಫೋನನ್ನೇ ನೋಡುತ್ತ ನಿಂತಿದ್ದಳು.