ನೇರಳೆ ಹೆಬ್ಬೆರಳು

ಅವರ ಎಡಗೈಯ ಹೆಬ್ಬೆರಳು ಸದಾ ನೇರಳೆಯಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಕಡು, ಗೆಣ್ಣಿನ ಹತ್ತಿರ ತಿಳಿ. ಸೂಕ್ಷ್ಮದರ್ಶಕದಲ್ಲಿ ನೋಡುವ ಗಾಜಿನ ಸ್ಲೈಡುಗಳಿಗೆ ಬಣ್ಣ ಹಾಕಿ ಹಾಕಿ ಹತ್ತಿದ ಕಲೆ. ಈ ಬೆರಳೊಂದನ್ನು ಬಿಟ್ಟರೆ ಆ ಮೇಷ್ಟ್ರ ಬಗ್ಗೆ ನಾನು ಹೇಳುವ ಯಾವುದಕ್ಕೂ ಆಣೆ ಮಾಡಲಾರೆ. ಒಬ್ಬ ಮನುಷ್ಯನನ್ನು ಹತ್ತು ವರ್ಷ ಹಗೆಯಂತೆ ನೆನೆದರೆ, ನೆನಪು ತನಗೆ ಬೇಕಾದ ಸಾಕ್ಷಿಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಎಪ್ಪತ್ತರ ದಶಕದ ಕೊನೆ. ನಾನು ನ್ಯಾಮತಿಯಿಂದ ಬಸ್ಸಿನಲ್ಲಿ ಹೊನ್ನಾಳಿಗೆ ಪಿಯುಸಿ ಓದಲು ಹೋಗುತ್ತಿದ್ದೆ. ಅವರು ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎನ್ನುವುದು ದೊಡ್ಡ ಮಾತು. ಅಂಚು ಹರಿದ ನೋಟ್ಸು ನೋಡಿಕೊಂಡು ಬರೆಸುತ್ತಿದ್ದರು. ನಗೆಚಟಾಕಿಗಳನ್ನೂ ಅದರ ಅಂಚಿನಲ್ಲೇ ಬರೆದಿಟ್ಟುಕೊಂಡಿದ್ದರು. ಹಾಳೆ ತಿರುಗಿಸಿದ ಮೇಲೆಯೇ ಅವರಿಗೆ ನಗು ಬರುತ್ತಿತ್ತು. ಬೋರ್ಡಿನ ಮೇಲೆ ಒಂದೇ ಗೆರೆಯಲ್ಲಿ, ಸೀಮೆಸುಣ್ಣ ಎತ್ತದೆ, ಅಮೀಬಾ ಬಿಡಿಸುತ್ತಿದ್ದರು. ಅದು ನಿಜಕ್ಕೂ ಚೆಂದವಿತ್ತು. ಅವರಿಗಿದ್ದ ವಿದ್ಯೆ ಅದೊಂದೇ.

“ವಿಜ್ಞಾನ ಅಂದ್ರೆ ಅಂತರ ಕಣ್ರೋ. ದೂರ ನಿಂತು ನೋಡೋದು ಕಲೀಬೇಕು,” ಎಂದು ವಾರಕ್ಕೊಮ್ಮೆ ಹೇಳುತ್ತಿದ್ದರು. ದೂರ ನಿಲ್ಲುವುದರಲ್ಲಿ ಅವರು ಪಳಗಿದ್ದರು. ಬಸ್ಸಿನ ಇಬ್ಬರ ಸೀಟಿನಲ್ಲಿ ಪಕ್ಕಕ್ಕೆ ಚೀಲ ಕೂರಿಸಿಕೊಂಡೇ ಬರುತ್ತಿದ್ದರು.

ಪ್ರತಿ ಪ್ರಯೋಗ ಮುಗಿದಾಗ ರೆಕಾರ್ಡ್ ಪುಸ್ತಕಕ್ಕೆ ಅವರ ಸಹಿ ಬೇಕು. ಉಳಿದವರು ಪುಸ್ತಕವನ್ನು ಅವರ ಕೈಗೇ ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಅವರು, “ಅಲ್ಲೇ ಬಿಚ್ಚಿ ಹಿಡಿ,” ಎನ್ನುತ್ತಿದ್ದರು. ನಾನು ಮೇಜಿನ ಮೇಲೆ ಪುಟ ಬಿಚ್ಚಿ ಎರಡೂ ಅಂಚು ಒತ್ತಿ ಹಿಡಿಯುತ್ತಿದ್ದೆ. ಅವರು ಬಾಗಿ, ಪೆನ್ನಿನ ಮೊನೆಯನ್ನಷ್ಟೇ ತಾಕಿಸಿ ಸಹಿ ಹಾಕುತ್ತಿದ್ದರು. ನಮ್ಮ ಕೇರಿಯಿಂದ ಆ ತರಗತಿಗೆ ಬಂದವನು ನಾನೊಬ್ಬನೇ. ನಾಚಿಕೆಯ ಮಾತೆಂದರೆ, ಮೊದಲ ಕೆಲವು ತಿಂಗಳು ಅದನ್ನು ನಾನು ನನಗೆ ಕೊಟ್ಟ ಮರ್ಯಾದೆ ಎಂದುಕೊಂಡಿದ್ದೆ.

ಒಂದು ದಿನ ಕೆನ್ನೆಯ ಜೀವಕೋಶ ನೋಡುವ ಪ್ರಯೋಗ.

“ಕಡ್ಡಿ ತಗೊಂಡು ಕೆನ್ನೆ ಒಳಗಡೆ ಮೆತ್ತಗೆ ಕೆರೀರಿ. ರಕ್ತ ಬಂದ್ರೆ ನಾನು ಜವಾಬ್ದಾರನಲ್ಲ.”

ನನ್ನ ಪಕ್ಕ ಕೂರುತ್ತಿದ್ದವನು ಚನ್ನಗಿರಿಯ ಅಡಿಕೆ ಮಂಡಿಯವರ ಮಗ. “ದಿನಾ ಬಾಯಿ ಮಾಡ್ತೀಯಲ್ಲ, ಒಳಗೆ ಏನ್ ಐತೆ ನೋಡಾಣ ತೆಗಿ,” ಎಂದು ಕಿಚಾಯಿಸಿದ. ಕೆರೆದದ್ದನ್ನು ಗಾಜಿಗೆ ಸವರಿ ನೇರಳೆ ಬಣ್ಣದ ಹನಿ ಬಿಟ್ಟೆವು. ಮೇಷ್ಟ್ರು ಒಂದೊಂದೇ ಸೂಕ್ಷ್ಮದರ್ಶಕಕ್ಕೆ ಬಾಗಿ ಕಣ್ಣಿಟ್ಟು ನೋಡುತ್ತ ಬಂದರು. ನನ್ನದರ ಮುಂದೆ ಬಾಗಲಿಲ್ಲ.

“ಸರಿಯಾಗಿ ಬಂದಿಲ್ಲ. ಪುಸ್ತಕ ನೋಡಿ ಚಿತ್ರ ಬರಿ.”

“ನೀವು ನೋಡ್ಲೇ ಇಲ್ವಲ್ಲ ಸಾರ್.”

“ನೋಡ್ಬೇಕಾಗಿಲ್ಲ.”

ಗೆಳೆಯ ಇಣುಕಿ, “ಸಾರ್, ಚಂದಾಗೇ ಕಾಣ್ತಾವೆ ಬರ್ರಿ,” ಎಂದ. ಅವರಿಗೆ ಕೇಳಿಸಲಿಲ್ಲ. ಅವರ ಪಾಲಿಗೆ ಗಾಜಿನ ಮೇಲಿದ್ದದ್ದು ಜೀವಕೋಶವಲ್ಲ, ನನ್ನ ಎಂಜಲು.

ನನಗೆ ಹಟ ಬಂತು. “ಸಾರ್, ಕೆರೆದ್ರೆ ಎದ್ದು ಬರ್ತಾವಲ್ಲ, ಅದಕ್ಕೆ ಮುಂಚೆ ಇವು ಏನನ್ನ ಹಿಡ್ಕಂಡಿದ್ವು?”

“ಅಂಟು ಕಣೋ, ಬರೀ ಅಂಟು. ಅಂಟು ಅಂದ್ರೆ ಏನು ಅಂತ ನಿಮ್ಮೋರಿಗೆ ನಾನು ಹೇಳ್ಬೇಕೇನೋ?”

ಅಂಟು ಎಂದರೆ ಗೋಂದೂ ಹೌದು, ಮೈಲಿಗೆಯೂ ಹೌದು. ತರಗತಿ ನಕ್ಕಿತು. ನಕ್ಕಿತೇ? ಆ ನಗುವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಆ ವಾಕ್ಯವೂ ನನ್ನ ತಲೆಯಲ್ಲಿ ಮೂರು ಬೇರೆ ಬೇರೆ ರೂಪದಲ್ಲಿ ಕೇಳಿಸುತ್ತದೆ. ಆದರೆ ‘ಕೋಶಗಳ ಸುತ್ತ ಇರುವುದು ಸುಮ್ಮನೆ ತುಂಬಿದ ವಸ್ತು, ಅದಕ್ಕೆ ಕೆಲಸವಿಲ್ಲ’ ಎಂದು ಅವರು ಬರೆಸಿದ ಸಾಲು ನನ್ನ ನೋಟ್ಸಿನಲ್ಲಿದೆ.

ಆ ಸಾಲು ಎಷ್ಟು ದಡ್ಡತನದ್ದೆಂದು ಎಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯ ಸೇರಿದ ಮೇಲೆ ತಿಳಿಯಿತು. ಕೆನ್ನೆಯ ಮೇಲಿನ ಪದರದ ಕೋಶಗಳು ಒಂದನ್ನೊಂದು ಹಿಡಿದಿರುತ್ತವೆ. ತಳದ ಪದರದವು ಕೆಳಗೆ ಹಾಸಿರುವ ಪ್ರೋಟೀನಿನ ಎಳೆಗಳನ್ನು ಹಿಡಿದಿರುತ್ತವೆ. ಹಿಡಿಯಲು ಕೋಶದ ಹೊರಮೈಯಲ್ಲಿ ಗ್ರಾಹಕಗಳಿವೆ. ಕೈಗಳೆಂದೇ ತಿಳಿಯಿರಿ. ಅವು ಕಂಡಕಂಡಲ್ಲಿ ಮೆತ್ತಿಕೊಳ್ಳುವ ಗೋಂದಲ್ಲ. ಕೆಲವು ಗ್ರಾಹಕಗಳಂತೂ ಅಷ್ಟುದ್ದದ ಎಳೆಯಲ್ಲಿ ಮೂರೇ ಅಮೈನೋ ಆಮ್ಲಗಳ ಒಂದು ಗುರುತನ್ನು ಹುಡುಕಿ ಹಿಡಿಯುತ್ತವೆ. ಆ ಗುರುತಿನ ಚೂರುಗಳನ್ನೇ ಬಿಡಿಯಾಗಿ ದ್ರವಕ್ಕೆ ಹಾಕಿದರೆ ಕೈಗಳು ಅವುಗಳಿಂದಲೇ ತುಂಬಿಹೋಗಿ, ಕೋಶ ಹಾಸಿನ ಹಿಡಿತ ಬಿಟ್ಟು ಗುಂಡಗಾಗಿ ತೇಲುತ್ತದೆ. ಹಿಡಿದ ಕೈ ಸುಮ್ಮನಿರುವುದಿಲ್ಲ, ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುತ್ತದೆ. ಏನನ್ನೂ ಮುಟ್ಟದೆ ತೇಲುವ ಕೋಶ ಬಹುಮಟ್ಟಿಗೆ ಬೆಳೆಯುವುದೇ ಇಲ್ಲ.

ಇದೇ ವಿಷಯವನ್ನು ನಾನು ಆರಿಸಿಕೊಂಡದ್ದು ಅವರ ಉತ್ತರದ ಮೇಲಿನ ಸಿಟ್ಟಿನಿಂದ. ಅದನ್ನು ಋಣ ಎನ್ನುವುದಾದರೆ ಎನ್ನಿ. ನಾನೇ ಪಾಠಕ್ಕೆ ನಿಂತ ಮೊದಲ ವಾರ, “ವಿಜ್ಞಾನ ಅಂದರೆ ಅಂತರ” ಎಂಬ ಮಾತು ನನ್ನ ಬಾಯಿಂದಲೇ ಹೊರಬಿತ್ತು. ಹುಡುಗರು ಅದನ್ನು ಬರೆದುಕೊಂಡರು. ಹೊಡೆದುಹಾಕಿ ಎಂದು ಹೇಳಿ ಹೊಡೆದುಹಾಕಿಸಿದೆ.

ಅವರಿಗೆ ಜಗಳೂರಿಗೆ ವರ್ಗವಾಯಿತಂತೆ. ಧೂಳು, ಕುರಿ ಎಂದು ಆ ಊರನ್ನು ಬೈಯುತ್ತಲೇ ಅಲ್ಲಿ ತೀರಿಕೊಂಡರಂತೆ. ಎಂಬತ್ತರ ದಶಕದ ಕೊನೆಯಲ್ಲಿ ಚನ್ನಗಿರಿಗೆ ಹೋದಾಗ ಗೆಳೆಯ ಮಂಡಿಯಲ್ಲಿ ಕೂತು ಸುದ್ದಿ ಹೇಳಿದ. ನನಗೆ ದುಃಖವಾಗಲಿಲ್ಲ. ಸಹಿ ಹಾಕುತ್ತಿದ್ದ ರೀತಿಯನ್ನು ನೆನಪಿಸಿದೆ.

“ಅಯ್ಯೋ ಮಾರಾಯ, ಅವ್ರು ಹಂಗಿರಲಿಲ್ಲ ಬಿಡೋ,” ಎಂದ. “ಎಲ್ಲಾರ್ದೂ ಮೇಜಿನ ಮೇಲೆ ಇಡಿಸ್ಕಂಡೇ ಸಹಿ ಹಾಕ್ತಿದ್ರು. ನೀನು ಓದಿ ಓದಿ ಎಲ್ಲದ್ರಾಗೂ ಅದನ್ನೇ ಹುಡುಕ್ತೀಯ.”

ಅವನು ಹೇಳಿದ್ದೇ ನಿಜವಾಗಿದ್ದರೆ? ಹತ್ತು ವರ್ಷ ನಾನು ಉಣಿಸಿ ಬೆಳೆಸಿದ ತಿರಸ್ಕಾರವೆಲ್ಲ ಒಬ್ಬ ಬರಿಯ ಸೋಮಾರಿಗೆ ಮಾಡಿದ ಅನ್ಯಾಯ. ನನಗೆ ಕೂರಲಾಗಲಿಲ್ಲ.

“ನಿನ್ನ ರೆಕಾರ್ಡ್ ಐತೇನೋ?”

“ನಮ್ಮವ್ವ ಒಂದು ಚೀಟೀನೂ ಬಿಸಾಡಾಕೆ ಬಿಡಲ್ಲ. ಅಟ್ಟದ ಮೇಲೆ ಐತೆ, ಬಾ.”

ಹದಿನಾಲ್ಕು ಪ್ರಯೋಗ, ಹದಿನಾಲ್ಕು ಸಹಿ. ಹನ್ನೊಂದು ಪುಟಗಳಲ್ಲಿ ಸಹಿಯ ಎದುರು ಅಂಚಿನಲ್ಲಿ ನೇರಳೆ ಹೆಬ್ಬೆಟ್ಟಿನ ಕಲೆ. ಪುಸ್ತಕ ಹಿಡಿದುಕೊಂಡ ಕೈಯದು.

“ನಿಂದೇ ಇರ್ಬಹುದು, ಇಟ್ಟು ನೋಡು,” ಎಂದೆ.

ಅವನು ತನ್ನ ಹೆಬ್ಬೆಟ್ಟನ್ನು ಕಲೆಯ ಮೇಲಿಟ್ಟ. ಎರಡೂ ಕಡೆ ನೇರಳೆ ಹೊರಗುಳಿಯಿತು. “ನಂದು ಇಷ್ಟು ಅಗಲ ಇಲ್ಲ ಕಣೋ,” ಎಂದ.

ಮರುದಿನ ನ್ಯಾಮತಿಯ ಮನೆಯಲ್ಲಿ ಟ್ರಂಕು ಇಳಿಸಿ ನನ್ನ ಪುಸ್ತಕ ತೆಗೆದೆ. ಒಂದೊಂದು ಪುಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿದೆ. ಸಹಿ ಹದಿನಾಲ್ಕೂ ಇವೆ. ನೇರಳೆ ಕಲೆ ಒಂದೂ ಇಲ್ಲ.