ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಹೆಸರಿನ ವಿದ್ಯಾರ್ಥಿವೇತನ

ಲಕ್ಷ್ಮೀಪುರಂನ ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಟೆಸ್ಟ್ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಯಾರಾದರೂ ಉತ್ತರ ಕೇಳಿದರೆ, "ನನ್ನನ್ಯಾಕೆ ಕೇಳ್ತೀರಮ್ಮ? ಅದನ್ನೇ ಕೇಳಿ," ಎಂದು ಟ್ಯೂಬನ್ನು ನಮ್ಮ ಕೈಗೇ ಕೊಡುತ್ತಿದ್ದರು.

ತೊಂಬತ್ತರ ದಶಕದ ಒಂದು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ, ನನಗೆ ಕೊಟ್ಟ ಲವಣ ಕ್ಲೋರೈಡ್ ಎಂದು ಬರೆದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಯಾರಿಗೆ ಯಾವ ಲವಣವೆಂಬ ಪಟ್ಟಿ ನೋಡಿ, "ಇದು ನೈಟ್ರೇಟ್. ತಪ್ಪು," ಎಂದು ಕೆಂಪು ಗೆರೆ ಎಳೆದರು. ಮೇಷ್ಟ್ರು ಮಿಕ್ಕಿದ್ದ ಲವಣವನ್ನು ತಾವೇ ಮತ್ತೆ ಪರೀಕ್ಷಿಸಿದರು. ಟ್ಯೂಬಿನಲ್ಲಿ ಮೊಸರಿನಂತೆ ಬಿಳಿ ಗರಣೆ ಕಟ್ಟಿತು, ಕ್ಲೋರೈಡಿನ ಗುರುತು ಅದು. ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದರು: "ಹುಡುಗಿ ಬರ್ದಿರೋದು ಸರಿ ಸರ್. ಚೀಟಿ ಅಂಟಿಸಿದೋನು ನಾನು. ಬಾಟ್ಲಿ ಅದಲುಬದಲು ಮಾಡ್ಬುಟ್ಟಿದೀನಿ."

ಹತ್ತಾರು ವರ್ಷದ ಮೇಲೆ ಅವರು ತೀರಿಕೊಂಡಾಗ, ಹಳೆಯ ವಿದ್ಯಾರ್ಥಿಗಳು ಸೇರಿ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಟ್ಟೆವು. ಹೆಚ್ಚು ಅಂಕ ಬಂದವರಿಗೆ ಕೊಡೋಣವೆಂದರು ಎಲ್ಲರೂ. ನಾನು ಆ ಪರೀಕ್ಷೆಯ ದಿನದ ಕತೆ ಹೇಳಿ, ಅರ್ಜಿ ಹಾಕಿದವರ ಲ್ಯಾಬ್ ರೆಕಾರ್ಡ್ ತರಿಸೋಣವೆಂದೆ.

ಚಾಮರಾಜಪುರಂನ ಮೇಷ್ಟ್ರ ಮನೆಯಲ್ಲೇ ಕೂತು ನೋಡಿದೆವು. ಎಲ್ಲರ ರೆಕಾರ್ಡಿನಲ್ಲೂ ಪುಸ್ತಕದ ಉತ್ತರವೇ ಅಚ್ಚುಕಟ್ಟಾಗಿತ್ತು. ಒಬ್ಬಳು ಮಾತ್ರ ಒಂದು ಪುಟದಲ್ಲಿ, "ಮೂರು ಸಲ ಮಾಡಿದೆ, ಉತ್ತರ ಬರಲಿಲ್ಲ," ಎಂದು ಬರೆದಿದ್ದಳು.

ಮೇಷ್ಟ್ರ ಹೆಂಡತಿ ಆ ಪುಟವನ್ನು ಎರಡು ಸಲ ಓದಿದರು.

"ಇವ್ಳಿಗೇ ಕೊಡಿ," ಎಂದರು. "ಅವರು ಇದ್ದಿದ್ರೆ ನಾಲ್ಕನೇ ಸಲಕ್ಕೆ ಇವಳ ಜೊತೆ ನಿಂತ್ಕೋತಿದ್ರು."